ಪೈಪ್ ದುಬಾರಿಯಾದರೆ ಹೊಗೆ ರುಚಿಯಾಗುತ್ತದೆಯೇ?

ಸಾವಿರಾರು ರೂಪಾಯಿ ಕೊಟ್ಟು ತಂದ ಪೈಪ್‌ನಲ್ಲಿ ಸೇದಿದರೆ ಹೊಗೆ ಹೆಚ್ಚು ರುಚಿಯೇ? ಕುಂಬಾರ ಮಾಡಿಕೊಟ್ಟ ಮಣ್ಣಿನ ಚಿಲುಮೆ ಸೇದುತ್ತಿದ್ದ ಹಿರಿಯರಿಗೆ ಸುಖ ಕಡಿಮೆಯಾಗಿತ್ತೇ? ಈ ಪ್ರಶ್ನೆ ಹಿಡಿದು ಇತಿಹಾಸದಲ್ಲಿ ಹಿಂದಕ್ಕೆ ಹೋದರೆ ನಾವು ಮೊದಲು ನಿಲ್ಲುವುದು ನಮ್ಮದೇ ವಿಜಯಪುರದಲ್ಲಿ.

1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಆದಿಲ್‌ಶಾಹಿಗಳ ಬಿಜಾಪುರಕ್ಕೆ ಬಂದಿದ್ದ. ಅಲ್ಲಿ ಅವನು ಹೊಗೆಸೊಪ್ಪು ನೋಡಿದ. ಅಂಥದ್ದನ್ನು ಮೊದಲು ಕಂಡಿರಲಿಲ್ಲವಂತೆ. ಬಾದಶಹನಿಗೆ ಕಾಣಿಕೆ ಕೊಡಲೆಂದು ಮೂರು ಮೊಳದ ಕೊಳವೆಯ ಎರಡೂ ತುದಿಗೆ ರತ್ನ ಕೂರಿಸಿದ. ಬಾಯಿಗಿಡುವ ಕಡೆ ಬೆಲೆಬಾಳುವ ಕೆಂಪು ಕಲ್ಲು, ಕೆಂಡಕ್ಕೆ ಚಿನ್ನದ ಪಾತ್ರೆ, ಎಲ್ಲವನ್ನೂ ಇಡಲು ಬೆಳ್ಳಿ ತಟ್ಟೆ!

ಅಕ್ಬರ್ ಸ್ವಲ್ಪ ಸೇದಿ ನೋಡಿದ. ಅಷ್ಟರಲ್ಲಿ ಆಸ್ಥಾನದ ಹಕೀಮರು ತಡೆದರು. ಇದು ಗೊತ್ತಿಲ್ಲದ ವಸ್ತು, ನಮ್ಮ ವೈದ್ಯ ಗ್ರಂಥಗಳಲ್ಲಿ ಇದರ ಮಾತಿಲ್ಲ ಎಂಬುದು ಅವರ ವಾದ. ಬಾದಶಹನಿಗೆ ಚಟ ಹತ್ತಲಿಲ್ಲ. ಆದರೆ ಅಮೀರರಿಗೆ ಹತ್ತಿತು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಮಗ ಜಹಾಂಗೀರ್ ನಿಷೇಧ ಹೇರಿದರೂ ಅದು ನಿಲ್ಲಲಿಲ್ಲ. ರತ್ನದ ಕೊಳವೆ ಒಬ್ಬನನ್ನೂ ಹಿಡಿದಿಡಲಿಲ್ಲ, ಹಿಡಿದದ್ದು ಸೊಪ್ಪು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಜನ ಬಿಳಿ ಜೇಡಿಮಣ್ಣಿನ ಪೈಪ್ ಸೇದುತ್ತಿದ್ದರು. ಅದು ಎಷ್ಟು ಅಗ್ಗವೆಂದರೆ ಮುರಿದರೆ ಎಸೆದು ಇನ್ನೊಂದು ಕೊಳ್ಳುತ್ತಿದ್ದರು. ಅದರ ಚೂರುಗಳು ಲಂಡನ್ನಿನ ಥೇಮ್ಸ್ ನದಿ ದಡದಲ್ಲಿ ಇಂದಿಗೂ ಸಿಗುತ್ತವೆ. ಮೊದಮೊದಲ ಪೈಪ್‌ಗಳ ಬಟ್ಟಲು ತೀರಾ ಚಿಕ್ಕದು, ಏಕೆಂದರೆ ಆಗ ತುಟ್ಟಿಯಾಗಿದ್ದದ್ದು ಪೈಪ್ ಅಲ್ಲ, ತಂಬಾಕು. ತಂಬಾಕು ಅಗ್ಗವಾದ ಹಾಗೆ ಬಟ್ಟಲು ದೊಡ್ಡದಾಯಿತು.

ಹಾಗಾದರೆ ಬೆಲೆಗೆ ಅರ್ಥವೇ ಇಲ್ಲವೇ? ಇದೆ, ಒಂದು ಮಟ್ಟದವರೆಗೆ. ಮಣ್ಣಿನ ಪೈಪ್ ಬೇಗ ಕಾದು ಕೈ ಸುಡುತ್ತದೆ, ಬಿದ್ದರೆ ಒಡೆಯುತ್ತದೆ. ಟರ್ಕಿಯ ಎಸ್ಕಿಶೆಹಿರ್ ಕಡೆ ಅಗೆದು ತೆಗೆಯುವ ಮೀರ್ಷಾಮ್ ಎಂಬ ಹಗುರ ಕಲ್ಲು ಹೊಗೆಯ ತೇವ ಹೀರಿಕೊಳ್ಳುತ್ತದೆ. 19ನೇ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನವರು ಬ್ರಯರ್ ಎಂಬ ಪೊದೆಯ ಬುಡದ ಗಂಟಿನಿಂದ ಪೈಪ್ ಮಾಡತೊಡಗಿದರು. ಆ ಕಟ್ಟಿಗೆ ಸುಲಭವಾಗಿ ಸುಡುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಇಷ್ಟಕ್ಕೆ ಹಣ ಕೊಟ್ಟರೆ ನ್ಯಾಯ. ಅದಕ್ಕಿಂತ ಮೇಲೆ ಕೊಡುವುದು ಮರದ ಗೆರೆಗಳ ಚೆಂದಕ್ಕೆ, ಬೆಳ್ಳಿ ಬಳೆಗೆ, ಲಂಡನ್ನಿನ ಡನ್‌ಹಿಲ್ ಪೈಪಿನ ಮೇಲಿರುವ ಬಿಳಿ ಚುಕ್ಕೆಯಂಥ ಗುರುತಿಗೆ. ಇವುಗಳಿಂದ ಹೊಗೆ ಬದಲಾಗುವುದಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಅಮೆರಿಕದ ಮಿಸೌರಿಯಲ್ಲಿದೆ. ಅಲ್ಲಿನ ವಾಷಿಂಗ್ಟನ್ ಎಂಬ ಚಿಕ್ಕ ಊರಿನಲ್ಲಿ ಹೆನ್ರಿ ಟಿಬ್ಬೆ ಎಂಬ ಮರಗೆಲಸದವನು 1869ರಲ್ಲಿ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನಿಂದ ಪೈಪ್ ಮಾಡಿ ಮಾರತೊಡಗಿದ. ನಮ್ಮಲ್ಲಿ ಒಲೆಗೆ ಹಾಕುವ ಅದೇ ದಿಂಡು! ತಮಾಷೆಯೋ ಹೆಮ್ಮೆಯೋ, ಅದಕ್ಕೆ 'ಮಿಸೌರಿ ಮೀರ್ಷಾಮ್' ಎಂದು ದುಬಾರಿ ಕಲ್ಲಿನ ಹೆಸರನ್ನೇ ಇಟ್ಟ. 1945ರ ಆಗಸ್ಟ್ 30ರಂದು ಸೋತ ಜಪಾನಿನ ನೆಲಕ್ಕೆ ವಿಮಾನದಿಂದ ಇಳಿದ ಜನರಲ್ ಮೆಕಾರ್ಥರ್ ಬಾಯಲ್ಲಿದ್ದದ್ದು ಜೋಳದ ದಿಂಡಿನ ಪೈಪೇ. ಯಾವ ಪೈಪ್ ಬೇಕಾದರೂ ಕೊಳ್ಳಬಲ್ಲವನಾಗಿದ್ದ ಆತ ಆರಿಸಿಕೊಂಡದ್ದು ಅದನ್ನು.

ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್‌ಗಳಲ್ಲಿ ಸೊಪ್ಪು ಹದ ಮಾಡುವ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರುಚಿ ಇರುವುದು ಎಲೆಯಲ್ಲಿ, ಅದರ ಹದದಲ್ಲಿ. ಜೊತೆಗೆ ಸೇದುವವನ ನಿಧಾನ, ಪೈಪಿನ ಶುಚಿ. ಅವಸರದಲ್ಲಿ ಎಳೆದರೆ ಎಷ್ಟು ದುಬಾರಿ ಪೈಪಾದರೂ ನಾಲಿಗೆ ಸುಡುತ್ತದೆ.

ಕೊನೆಗೆ ಅಕ್ಬರನ ಹಕೀಮರ ಮಾತಿಗೇ ಬರೋಣ. ಅವರ ಗ್ರಂಥಗಳಲ್ಲಿ ಇಲ್ಲದ್ದು ಇಂದಿನ ವೈದ್ಯರ ಪುಸ್ತಕಗಳಲ್ಲಿ ಧಾರಾಳವಾಗಿದೆ: ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್. ಪೈಪ್ ಹೊಗೆ ಬೀಡಿ, ಸಿಗರೇಟಿಗಿಂತ ಸಭ್ಯ, ದುಬಾರಿಯದಾದರೆ ಇನ್ನೂ ವಾಸಿ ಎಂದು ನಂಬಿದವರು ನಮ್ಮ ನಡುವೆಯೂ ಇದ್ದಾರೆ. ರತ್ನದ ಕೊಳವೆಯಲ್ಲಿ ಬಂದರೂ ಜೋಳದ ದಿಂಡಿನಲ್ಲಿ ಬಂದರೂ ಹೊಗೆ ಒಂದೇ. ಪೈಪ್‌ಗೆ ಕೊಟ್ಟ ಹಣ ಅಂಗಡಿಯಲ್ಲೇ ಮುಗಿಯುತ್ತದೆ, ಹೊಗೆಯ ಲೆಕ್ಕವನ್ನು ಮೈ ತೀರಿಸಬೇಕಾಗುತ್ತದೆ.