ಮಂಜುಗಡ್ಡೆಯನ್ನು ಪುಡಿಮಾಡಿದ ಕಥೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳ ಸೀಮೆಯಲ್ಲಿ ಪ್ರಕೃತಿಯು ತಾನಾಗಿ ಕರುಣಿಸುವ ಮಂಜುಗಡ್ಡೆ ಒಂದೇ, ಅದು ಆಲಿಕಲ್ಲು. ಬೇಸಗೆಯ ಬಿರುಮಳೆಯಲ್ಲಿ ಹೆಂಚಿನ ಮೇಲೆ ತಟತಟನೆ ಬಿದ್ದು, ಮಕ್ಕಳು ಆರಿಸಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನೀರಾಗಿ ಹೋಗುವ ವಸ್ತು. ಅಮರಕೋಶವು ಇದನ್ನು ವರ್ಷೋಪಲವೆಂದೂ ಕರಕವೆಂದೂ ಕರೆಯುತ್ತದೆ. ವರ್ಷೋಪಲವೆಂದರೆ ಮಳೆಗಲ್ಲು, ನಮ್ಮ ಆಲಿಕಲ್ಲಿನಲ್ಲಿಯೂ ಕಲ್ಲೇ ಇರುವುದನ್ನು ಗಮನಿಸಬೇಕು. ಹಿಮಕ್ಕಾದರೋ ತುಷಾರ, ತುಹಿನ, ನೀಹಾರ, ಪ್ರಾಲೇಯ ಎಂದು ಹೆಸರುಗಳ ಸಾಲೇ ಇದೆ. ಹೆಸರುಗಳಿಗೆ ಬಡತನವಿರಲಿಲ್ಲ, ವಸ್ತುವಿಗೆ ಮಾತ್ರ ಬಡತನವಿತ್ತು.

ಈಗ ಹಾಗಲ್ಲ. ಬಸ್ ನಿಲ್ದಾಣದ ಮಗ್ಗುಲಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿತಾಟಿನಲ್ಲಿ ಸುತ್ತಿಟ್ಟ ಐಸುಗಡ್ಡೆ ಇರುತ್ತದೆ. ಅಂಗಡಿಯವನು ಅದನ್ನು ಕಬ್ಬಿಣದ ಸರಳಿನಿಂದಲೋ ಮರದ ಕೊಡತಿಯಿಂದಲೋ ಕುಟ್ಟಿ ಲೋಟಕ್ಕೆ ಹಾಕುತ್ತಾನೆ. ಅನುಕೂಲಸ್ಥರ ಕೆಲವು ಮನೆಗಳಲ್ಲಿ ಇನ್ನೂ ಸೋಜಿಗದ ಏರ್ಪಾಡಿದೆ: ಫ್ರಿಜ್ಜಿನ ಬಾಗಿಲನ್ನು ತೆರೆಯದೆಯೇ ಅದರ ಹೊರಮೈಗೆ ಲೋಟವನ್ನು ಒತ್ತಿದರೆ ಸಾಕು, ಒಳಗೆ ಏನೋ ಕಟಕಟನೆ ಕಡಿದ ಸದ್ದಾಗಿ ಐಸಿನ ನುಚ್ಚು ಉದುರುತ್ತದೆ. ಕೊಡತಿಯಿಂದ ಈ ಗುಪ್ತಯಂತ್ರದವರೆಗಿನ ದಾರಿ ಉದ್ದವಾದುದು. ಅದರ ಬಹುಭಾಗ ನಮ್ಮ ದೇಶದಲ್ಲಿಯೇ ಹಾದುಹೋಗಿದೆ ಎಂಬುದು ಅನೇಕರಿಗೆ ತಿಳಿಯದು.

ಮೊದಲು ಮೊಗಲರ ಕಾಲಕ್ಕೆ ಹೋಗೋಣ. ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ನೀರನ್ನು ಪೆಟ್ಲುಪ್ಪಿನಿಂದ ತಣಿಸುವ ವಿಧಾನದ ವರ್ಣನೆಯಿದೆ. ಪೆಟ್ಲುಪ್ಪು ಕರಗಿಸಿದ ನೀರಿನೊಳಗೆ ಕುಡಿಯುವ ನೀರಿನ ಕುಪ್ಪಿಯನ್ನಿಟ್ಟು ತಿರುಗಿಸುತ್ತಿದ್ದರು. ಮದ್ದುಗುಂಡಿಗೆ ಬಳಸುವ ದ್ರವ್ಯವೇ ಬಾಯಾರಿಕೆಯ ಉರಿಯನ್ನೂ ಆರಿಸಿತು! 1586ರಲ್ಲಿ ಬಾದಶಹನ ಬಿಡಾರ ಪಂಜಾಬಿಗೆ ಬಂದ ಮೇಲೆ ಲಾಹೋರಿನಿಂದ ಸುಮಾರು 45 ಕೋಸು ದೂರದ ಬೆಟ್ಟಗಳಿಂದ ಹಿಮವನ್ನು ದೋಣಿಗಳಲ್ಲಿ, ಗಾಡಿಗಳಲ್ಲಿ, ಆಳುಗಳ ಹೆಗಲ ಮೇಲೆ ತರಿಸತೊಡಗಿದರೆಂದು ಅದೇ ಗ್ರಂಥ ಹೇಳುತ್ತದೆ.

ಬೆಟ್ಟ ದೂರವಿದ್ದ ಬಯಲುಸೀಮೆಯವರೂ ಸುಮ್ಮನೆ ಕೂರಲಿಲ್ಲ. 1775ರಲ್ಲಿ ಸರ್ ರಾಬರ್ಟ್ ಬಾರ್ಕರ್ ಎಂಬಾತನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಲಹಾಬಾದಿನ ಕಡೆ ಕಂಡ ಒಂದು ಉದ್ಯೋಗವನ್ನು ವಿವರಿಸಿದ್ದಾನೆ. ಮೂವತ್ತು ಅಡಿ ಚೌಕ, ಎರಡು ಅಡಿ ಆಳದ ಗುಣಿಗಳನ್ನು ತೋಡಿ, ಒಣಗಿದ ಕಬ್ಬಿನ ಇಲ್ಲವೆ ಜೋಳದ ದಂಟುಗಳನ್ನು ಹಾಸಿ, ಮೇಲೆ ಸಾಲುಸಾಲಾಗಿ ಮಣ್ಣಿನ ತೆಳುವಾದ ತಟ್ಟೆಗಳನ್ನು ಜೋಡಿಸುತ್ತಿದ್ದರು. ಮುಸ್ಸಂಜೆಗೆ ಅವುಗಳಲ್ಲಿ ಕಾಯಿಸಿ ಆರಿಸಿದ ನೀರನ್ನು ಹೊಯ್ಯುತ್ತಿದ್ದರು. ಮಾಗಿಯ ನಿರ್ಮಲವಾದ, ಗಾಳಿಯಿಲ್ಲದ ರಾತ್ರಿಯಲ್ಲಿ ನೀರಿನ ಕಾವು ಬಾನಿಗೆ ಹೊರಟುಹೋಗಿ ಬೆಳಗಿನ ಜಾವಕ್ಕೆ ತಟ್ಟೆಗಳಲ್ಲಿ ಮಂಜು ಕಟ್ಟಿರುತ್ತಿತ್ತು. ಸೂರ್ಯೋದಯಕ್ಕೆ ಮುಂಚೆಯೇ ಅದನ್ನು ಬಾಚಿ, ಹುಲ್ಲು ಮತ್ತು ಒರಟು ಕಂಬಳಿ ಹೊದಿಸಿದ ಹದಿನಾಲ್ಕು ಹದಿನೈದು ಅಡಿ ಆಳದ ಹಗೇವಿಗೆ ಸುರಿದು, ಒನಕೆಯಂಥ ದಿಮ್ಮಿಗಳಿಂದ ಕುಟ್ಟುತ್ತಿದ್ದರು. ಕುಟ್ಟಿದ ಚೂರುಗಳು ತಾವಾಗಿಯೇ ಬೆಸೆದುಕೊಂಡು ಒಂದೇ ಬಂಡೆಯಾಗುತ್ತಿದ್ದುವು.

ವಾಚಕರು ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು. ಒಡೆದ ಐಸು ಮತ್ತೆ ಒಂದಾಗುತ್ತದೆ. ಒದ್ದೆಯಾದ ಎರಡು ಮಂಜುತುಂಡುಗಳನ್ನು ಒತ್ತಿಹಿಡಿದರೆ ಅವು ಅಂಟಿಕೊಳ್ಳುವುದನ್ನು 1850ರಲ್ಲಿ ಮೈಕೇಲ್ ಫ್ಯಾರಡೆ ಪ್ರಯೋಗದಿಂದ ತೋರಿಸಿದನು. ಹಗೇವಿನ ಕೆಲಸದವರಿಗೆ ಈ ಗುಣ ಉಪಕಾರಿಯಾಯಿತು. ಮುಂದೆ ಫ್ರಿಜ್ಜು ಮಾಡುವವರಿಗೆ ಅದೇ ತಲೆನೋವಾಯಿತು.

ಅಮೆರಿಕದ ಬೋಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನ ಸಾಹಸ ಇದಕ್ಕಿಂತ ವಿಚಿತ್ರ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಐಸನ್ನು ಕಡಿದು ಬಿಸಿಲುನಾಡುಗಳಿಗೆ ಮಾರಲು ಆತ 1806ರಲ್ಲಿ ತೊಡಗಿದನು. ಅವನ ಜೊತೆಗಾರ ನಥಾನಿಯಲ್ ವೈಯೆತ್ ಕುದುರೆ ಎಳೆಯುವ ನೇಗಿಲಿನಂಥ ಸಾಧನದಿಂದ ಕೆರೆಯ ಮೈಯನ್ನು ಗೆರೆ ಗೆರೆಯಾಗಿ ಸೀಳಿ ಸಮನಾದ ಚೌಕಗಡ್ಡೆಗಳನ್ನು ಎಬ್ಬಿಸಿದನು. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ ಐಸನ್ನು ಹೊತ್ತು ಹೊರಟು, ಸೆಪ್ಟೆಂಬರಿನಲ್ಲಿ ಕಲ್ಕತ್ತೆಯನ್ನು ಸೇರಿತು. ನಾಲ್ಕು ತಿಂಗಳ ಪಯಣದಲ್ಲಿ, ಎರಡು ಸಲ ಭೂಮಧ್ಯರೇಖೆಯನ್ನು ದಾಟಿಯೂ ಸುಮಾರು 100 ಟನ್ ಉಳಿದಿತ್ತು! ಆಮೇಲೆ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಐಸುಮನೆಗಳೆದ್ದುವು. ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಕಟ್ಟಿಸಿದ ಐಸ್ ಹೌಸು ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಾಗಿ ಅದೀಗ ವಿವೇಕಾನಂದರ್ ಇಲ್ಲಂ ಆಗಿದೆ. 1846-47ರ ಚಳಿಗಾಲದಲ್ಲಿ ವಾಲ್ಡನ್ ಕೊಳದ ಐಸನ್ನು ಕಡಿಯುವುದನ್ನು ಕಂಡ ಥೋರೋ, ಮದರಾಸು ಮುಂಬಯಿ ಕಲ್ಕತ್ತೆಗಳ ಜನ ತನ್ನ ಬಾವಿಯ ನೀರನ್ನು ಕುಡಿಯುವರೆಂಬ ಭಾವದಿಂದ ಗೀತೆಯನ್ನು ನೆನೆದುದುಂಟು.

ಅಷ್ಟು ದೂರದ ಪಯಣದಲ್ಲಿ ಐಸು ಉಳಿದುದು ಹೇಗೆ? ಮರದ ಹೊಟ್ಟಿನ ಹೊದಿಕೆ ಒಂದು ಕಾರಣ. ಗಡ್ಡೆಗಳು ದೊಡ್ಡವಾಗಿದ್ದುದು ಇನ್ನೊಂದು ಕಾರಣ. ಎರಡಂಗುಲ ಚೌಕದ ಒಂದು ಗಡ್ಡೆಯನ್ನು ತೆಗೆದುಕೊಳ್ಳಿ. ಅದರ ಮೈವಿಸ್ತಾರ 24 ಚದರಂಗುಲ. ಅದನ್ನು ಒಂದಂಗುಲದ ಎಂಟು ತುಂಡು ಮಾಡಿದರೆ ಒಟ್ಟು ಮೈವಿಸ್ತಾರ 48 ಚದರಂಗುಲವಾಗುತ್ತದೆ. ತೂಕ ಅಷ್ಟೇ, ಮೈ ಮಾತ್ರ ಇಮ್ಮಡಿ. ಒಂದು ಗ್ರಾಂ ಐಸು ಕರಗಲು 80 ಕ್ಯಾಲರಿ ಶಾಖ ಬೇಕೇಬೇಕು. ಗಡ್ಡೆಯಾದರೂ ಅಷ್ಟೇ, ಪುಡಿಯಾದರೂ ಅಷ್ಟೇ. ಆದರೆ ಪುಡಿ ಆ ಶಾಖವನ್ನು ಬೇಗನೆ ಹೀರಿಕೊಳ್ಳುತ್ತದೆ. ಆದುದರಿಂದ ಸಾಗಿಸುವುದಕ್ಕೆ ಗಡ್ಡೆ, ತಣಿಸುವುದಕ್ಕೆ ಪುಡಿ. ಐಸನ್ನು ಒಡೆಯುವ ಸಲಕರಣೆಗಳೆಲ್ಲ ಈ ಒಂದು ಸೂತ್ರದಿಂದ ಹುಟ್ಟಿದುವು.

ತಂಪು ಪಾನಕಕ್ಕಾಗಿಯಷ್ಟೇ ಐಸನ್ನು ಒಡೆದರೆಂದು ತಿಳಿಯಬಾರದು. ವಿಷಮಶೀತಜ್ವರಕ್ಕೆ ತಕ್ಕ ಮದ್ದು ದೊರೆಯದಿದ್ದ ದಿನಗಳಲ್ಲಿ ರೋಗಿಯ ನೆತ್ತಿಯ ಮೇಲೆ ರಬ್ಬರು ಚೀಲದಲ್ಲಿ ಐಸನ್ನಿಡುವುದು ವೈದ್ಯರ ಪದ್ಧತಿಯಾಗಿತ್ತು. ಗಡ್ಡೆ ಹಣೆಯ ಮೇಲೆ ಕೂರುವುದಿಲ್ಲ, ಒತ್ತಿ ನೋಯಿಸುತ್ತದೆ. ನುಚ್ಚಾದರೆ ತಲೆಯ ಆಕಾರಕ್ಕೆ ಒಗ್ಗುತ್ತದೆ. ಐಸಿನ ಕಾರ್ಖಾನೆಯಿಲ್ಲದ ಊರಿನವರು ಅದನ್ನು ಪಟ್ಟಣದಿಂದ ಹೊಟ್ಟು ತುಂಬಿದ ಗೋಣಿಯಲ್ಲಿ ತರಬೇಕು. ತರುವಷ್ಟರಲ್ಲಿ ಪಾಲು ಕರಗಿರುತ್ತದೆ. ಒಂದು ಗೋಣಿ ಐಸಿನ ಹಿಂದೆ ಒಂದು ಮನೆಯ ಆತಂಕವೇ ಇರುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದು ಟ್ಯೂಡರನ ವ್ಯಾಪಾರವನ್ನು ಮುಗಿಸಿದುವು. ಅಮೆರಿಕದ ವೈದ್ಯ ಜಾನ್ ಗೋರಿಗೆ 1851ರಲ್ಲಿ ಐಸು ಮಾಡುವ ಯಂತ್ರದ ಹಕ್ಕುಪತ್ರ ದೊರೆಯಿತು. ಜ್ವರಪೀಡಿತರ ಕೋಣೆಯನ್ನು ತಣಿಸುವುದು ಅವನ ಮೂಲ ಉದ್ದೇಶವಾಗಿತ್ತು. 1859ರಲ್ಲಿ ಫ್ರಾನ್ಸಿನ ಫರ್ಡಿನಾಂಡ್ ಕಾರೆ ಅಮೋನಿಯದ ಯಂತ್ರವನ್ನು ತಂದನು. ಉಪ್ಪುನೀರಿನ ತೊಟ್ಟಿಯಲ್ಲಿ ತಗಡಿನ ಅಚ್ಚುಗಳನ್ನು ಮುಳುಗಿಸಿ ಗಡ್ಡೆ ಕಟ್ಟಿಸುವ ಕಾರ್ಖಾನೆಗಳು ಹರಡಿದುವು. ನಮ್ಮ ಕರಾವಳಿಯ ಮಲ್ಪೆ, ಮಂಗಳೂರುಗಳಲ್ಲಿ ಹಲ್ಲುಳ್ಳ ಉರುಳೆಗಳ ಯಂತ್ರವು ಇಂಥ ಗಡ್ಡೆಗಳನ್ನು ಪುಡಿಮಾಡಿ ಮೀನುದೋಣಿಗಳಿಗೆ ತುಂಬುವುದನ್ನು ಕಾಣಬಹುದು.

ಮನೆಯ ಫ್ರಿಜ್ಜಿನ ಕಥೆ ವಿದ್ಯುತ್ತನ್ನು ಅವಲಂಬಿಸಿದುದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ, 1905ರಲ್ಲಿ ಬೆಂಗಳೂರಿನ ದೀಪಗಳಿಗೂ ಹರಿಯಿತು. ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. ಗೋದ್ರೆಜ್ ಸಂಸ್ಥೆಯು 1958ರಲ್ಲಿ ಭಾರತದಲ್ಲಿ ರೆಫ್ರಿಜರೇಟರು ತಯಾರಿಸತೊಡಗಿತು. ಅಮೆರಿಕದಲ್ಲಿ 1953ರಲ್ಲಿ ಸರ್ವೆಲ್ ಕಂಪನಿಯು ತಾನೇ ಐಸು ಕಟ್ಟಿ ತಾನೇ ಕೆಡಹುವ ಫ್ರಿಜ್ಜನ್ನೂ, 1965ರಲ್ಲಿ ಫ್ರಿಜಿಡೇರ್ ಕಂಪನಿಯು ಬಾಗಿಲ ಹೊರಗಿನಿಂದಲೇ ಐಸು ಕೊಡುವ ಫ್ರಿಜ್ಜನ್ನೂ ಹೊರತಂದುವು. ನಮ್ಮ ಸೀಮೆಗೆ ಮಾತು ಬಿತ್ತರಿಸುವ ಭದ್ರಾವತಿಯ ಆಕಾಶವಾಣಿ ನಿಲಯ ಹುಟ್ಟಿದ್ದೂ ಆ 1965ರಲ್ಲಿಯೇ.

ಪುಡಿಮಾಡುವ ಯಂತ್ರದ ಒಳಗನ್ನು ತಿಳಿಯಲು ಚನ್ನಗಿರಿಯ ಕಡೆಯವರಿಗೆ ಅಡಕತ್ತರಿಯೇ ಸಾಕು. ಅಡಕತ್ತರಿಯಲ್ಲಿ ಒಂದು ತೋಳು ನಿಲ್ಲುತ್ತದೆ, ಅಲುಗುಳ್ಳ ಇನ್ನೊಂದು ತೋಳು ಬಂದು ಅಡಕೆಯನ್ನು ಸೀಳುತ್ತದೆ. ಇಲ್ಲಿಯೂ ಹಾಗೆಯೇ. ಐಸಿನ ತುಂಡುಗಳು ತುಂಬಿದ ಡಬ್ಬಿಯೊಳಗೆ ಸುರುಳಿಯಾಕಾರದ ಸರಳೊಂದಿದೆ. ಲೋಟ ಒತ್ತಿದೊಡನೆ ಮೋಟಾರು ಅದನ್ನು ತಿರುಗಿಸಿ ತುಂಡುಗಳನ್ನು ಮುಂದಕ್ಕೆ ನೂಕುತ್ತದೆ. ಡಬ್ಬಿಯ ಬಾಯಿಯಲ್ಲಿ ಹಲ್ಲುಳ್ಳ ಕೆಲವು ಅಲುಗುಗಳು ಸರಳಿನೊಡನೆ ತಿರುಗುತ್ತವೆ; ಇನ್ನು ಕೆಲವು ಒಂದು ಪಕ್ಕಕ್ಕೆ ಭದ್ರವಾಗಿ ನಿಂತಿರುತ್ತವೆ. ಅನೇಕ ಮಾದರಿಗಳಲ್ಲಿ ಮೋಟಾರು ಒಂದು ದಿಕ್ಕಿಗೆ ತಿರುಗಿದರೆ ತುಂಡುಗಳು ನಿಂತ ಅಲುಗುಗಳನ್ನು ಮುಟ್ಟದೆ ಇಡಿಯಾಗಿ ಬೀಳುತ್ತವೆ. ಎದುರು ದಿಕ್ಕಿಗೆ ತಿರುಗಿದರೆ ಎರಡು ಬಗೆಯ ಅಲುಗುಗಳ ನಡುವೆ ಸಿಕ್ಕಿ ಚೂರಾಗುತ್ತವೆ. ಅಲುಗಿಗೆ ಹಲ್ಲಿರುವುದಕ್ಕೂ ಕಾರಣವಿದೆ. ಐಸು ಒತ್ತಡವನ್ನು ಮಟ್ಟಿಗೆ ತಾಳುತ್ತದೆ, ಸೀಳನ್ನು ತಾಳದು. ಮೊನೆ ತಾಗಿದಲ್ಲಿ ಬಿರುಕು ಹುಟ್ಟಿದರೆ ಅಲ್ಪ ಬಲಕ್ಕೇ ಒಡೆಯುತ್ತದೆ.

ಮೊದಲೇ ಪುಡಿಮಾಡಿ ಕೂಡಿಡಬಾರದಿತ್ತೆ ಎಂದು ಕೇಳಬಹುದು. ಕೂಡಿಟ್ಟ ಪುಡಿ ಅಲಹಾಬಾದಿನ ಹಗೇವಿನಲ್ಲಾದಂತೆ ಬೆಸೆದು ಬಂಡೆಯಾಗುತ್ತದೆ. ಆದ್ದರಿಂದಲೇ ಲೋಟ ಬಂದ ಮೇಲೆ ಒಡೆಯುವ ಏರ್ಪಾಡು. ಹೀಗಿದ್ದೂ ಕರೆಂಟು ಹೋಗಿ ಬರುವ ನಮ್ಮ ಕಡೆ ತುಂಡುಗಳೇ ಅರೆಕರಗಿ ಮತ್ತೆ ಗಟ್ಟಿಯಾಗಿ ಸರಳನ್ನು ಹಿಡಿದುಬಿಡುತ್ತವೆ. ಆಗ ವಿದ್ಯುತ್ತನ್ನು ತಪ್ಪಿಸಿ, ಡಬ್ಬಿಯನ್ನು ಹೊರತೆಗೆದು ಬರಿದುಮಾಡಬೇಕು. ಅಲುಗಿನ ಬಾಯಿಗೆ ಕೈಹಾಕಲಾಗದು.

ಇನ್ನು ಮುಖ್ಯವಾದ ವಿಷಯ. ಹೆಪ್ಪುಗಟ್ಟಿದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ರೋಗಾಣುಗಳನೇಕ ಐಸಿನಲ್ಲಿ ಬದುಕಿದ್ದು ಕರಗಿದ ಮೇಲೆ ಮತ್ತೆ ಚುರುಕಾಗುತ್ತವೆ. ಜ್ವರವನ್ನು ಇಳಿಸಲು ತಂದ ಐಸೇ ಜ್ವರವನ್ನು ಹೊತ್ತು ತರಬಹುದು. ಗಡ್ಡೆಯಲ್ಲಿ ಕಸಕಡ್ಡಿ ಕಣ್ಣಿಗೆ ಬೀಳುತ್ತದೆ. ಪುಡಿಯಾದ ಮೇಲೆ ಎಲ್ಲ ಐಸೂ ಒಂದೇ ಬಿಳುಪು. ಮೀನಿಗೂ ಹೆಣಗಳಿಗೂ ಮೀಸಲಾದ ಐಸು ಲೋಟಕ್ಕೆ ಬರದಂತೆ ತಡೆಯಲು, ತಿನ್ನಬಾರದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ವಿಧಿಸಿದುದು ಈ ಕಾರಣಕ್ಕಾಗಿಯೇ. ಮಕ್ಕಳಿಗೆ ಜಾತ್ರೆಯ ಐಸ್ ಗೋಲ ಕೊಡಿಸುವ ತಂದೆತಾಯಿಗಳು ಈ ಬಣ್ಣದ ಗುರುತನ್ನು ಅರಿತಿರುವುದು ಒಳ್ಳೆಯದು. ಬಿಳಿಯದೆಲ್ಲ ನಿರ್ಮಲವೆಂದಲ್ಲ, ನೀಲಿಯದನ್ನಂತೂ ಮುಟ್ಟಬಾರದು.

ಅಲಹಾಬಾದಿನ ಕೂಲಿಗಳು ಮಣ್ಣಿನ ತಟ್ಟೆಗೆ ಹೊಯ್ದದ್ದು ಕಾಯಿಸಿ ಆರಿಸಿದ ನೀರು. ರೋಗಾಣುಗಳ ಶಾಸ್ತ್ರ ಹುಟ್ಟುವ ಮುಂಚಿನ ಪದ್ಧತಿ ಅದು. ಒಡೆಯುವ ಉಪಕರಣ ಕೊಡತಿಯಿಂದ ಅಲುಗಿನ ಯಂತ್ರದವರೆಗೆ ಬೆಳೆದಿರಬಹುದು. ನೀರನ್ನು ಮೊದಲು ಕಾಯಿಸಿಕೊಳ್ಳುವ ಆ ಹಳೆಯ ವಿವೇಕಕ್ಕೆ ಬದಲಿಯಾದ ಯಂತ್ರವನ್ನು ಅಡುಗೆಮನೆಯಲ್ಲಿ ನಾವೇ ನಡೆಸಬೇಕು.