ಅಡುಗೆಮನೆಯ ಬಾಗಿಲು ಮತ್ತು ಆಡುವ ಮಗು

ಅರಮನೆ, ಗುಡಿ, ಕೋಟೆಗಳನ್ನು ಕಟ್ಟುವ ವಿದ್ಯೆಯ ಚರಿತ್ರೆ ಸಾವಿರಾರು ವರ್ಷಗಳದ್ದು. ಆದರೆ ತಾಯಿ ಒಲೆಯ ಮುಂದೆ ಇರುವಾಗ ಎರಡು ವರ್ಷದ ಮಗು ಎಲ್ಲಿರಬೇಕು ಎಂದು ಅಳತೆ ಹಿಡಿದು ಯೋಚಿಸಿದ ಚರಿತ್ರೆ ನೂರೈವತ್ತು ವರ್ಷಗಳ ಆಸುಪಾಸಿನದು. ಆ ಚರಿತ್ರೆಯಲ್ಲಿ ಎದ್ದು ಕಾಣುವ ಊರು ಜರ್ಮನಿಯ ಫ್ರಾಂಕ್‌ಫರ್ಟ್; ವರ್ಷ 1926.

ಮೊದಲ ಮಹಾಯುದ್ಧದ ನಂತರ ಜರ್ಮನಿಯ ನಗರಗಳಲ್ಲಿ ಮನೆಗಳಿಗೆ ಬರ ಬಂದಿತ್ತು. ಕಾರ್ಮಿಕ ಕುಟುಂಬಗಳು ವಾಸಿಸುತ್ತಿದ್ದ ಇಕ್ಕಟ್ಟಿನ ಮನೆಗಳಲ್ಲಿ ಅಡುಗೆಮನೆಯೇ ಬದುಕಿನ ಕೇಂದ್ರ. ಬೇಯಿಸುವುದು, ಉಣ್ಣುವುದು, ಮಕ್ಕಳಿಗೆ ಸ್ನಾನ ಮಾಡಿಸುವುದು, ಬಟ್ಟೆ ಒಣಗಿಸುವುದು ಎಲ್ಲವೂ ಅಲ್ಲೇ. ರಾತ್ರಿ ಯಾರಾದರೊಬ್ಬರು ಮಲಗುವುದೂ ಅಲ್ಲೇ. ಚಳಿಗಾಲದಲ್ಲಿ ಬೆಚ್ಚಗಿರುತ್ತಿದ್ದ ಕೋಣೆ ಅದೊಂದೇ ಎಂಬುದು ಇದಕ್ಕೆ ಮುಖ್ಯ ಕಾರಣ. ಹೊಗೆ, ಹಬೆ, ಕ್ಷಯರೋಗದ ಭಯ ಇವೆಲ್ಲ ಸುಧಾರಕರ ಕಣ್ಣು ಕುಕ್ಕುತ್ತಿದ್ದವು. 1925ರಲ್ಲಿ ಫ್ರಾಂಕ್‌ಫರ್ಟಿನ ಗೃಹನಿರ್ಮಾಣದ ಹೊಣೆ ಹೊತ್ತ ಎರ್ನ್‌ಸ್ಟ್ ಮೈ ಎಂಬ ವಾಸ್ತುಶಿಲ್ಪಿ ಹೊಸ ಬಡಾವಣೆಗಳನ್ನು ಕಟ್ಟಲು ಹೊರಟಾಗ ವಿಯೆನ್ನಾದಿಂದ ಒಬ್ಬ ತರುಣಿಯನ್ನು ಕರೆಸಿಕೊಂಡರು. ಆಕೆ ಮಾರ್ಗರೆಟೆ ಲಿಹೋಟ್ಸ್ಕಿ. ಆಗ ಅವರಿಗೆ 29 ವರ್ಷ. ಆಸ್ಟ್ರಿಯಾದಲ್ಲಿ ವಾಸ್ತುಶಿಲ್ಪ ಕಲಿತ ಮೊದಲ ಮಹಿಳೆಯರ ಪೈಕಿ ಒಬ್ಬರು.

ಲಿಹೋಟ್ಸ್ಕಿ ಅವರಿಗೆ ದಾರಿ ತೋರಿದ ಪುಸ್ತಕಗಳು ಅಮೆರಿಕದವು. 1869ರಲ್ಲೇ ಕ್ಯಾಥರೀನ್ ಬೀಚರ್, ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ತಮ್ಮ ತಂಗಿ ಹ್ಯಾರಿಯೆಟ್ ಜೊತೆಗೂಡಿ ಗೃಹಿಣಿಯರಿಗಾಗಿ ಒಂದು ದೊಡ್ಡ ಕೈಪಿಡಿಯನ್ನು ಹೊರತಂದಿದ್ದರು. ಹಡಗಿನ ಅಡುಗೆಕೋಣೆಯಲ್ಲಿ ಬೇಕಾದ ಸಾಮಾನೆಲ್ಲ ಅಡುಗೆಯವನ ಕೈಯಳತೆಯಲ್ಲಿ ಇರುವಂತೆ ಮನೆಯಲ್ಲೂ ಇರಬೇಕು ಎಂಬುದು ಅವರ ವಾದ. ಒಂದೇ ದೊಡ್ಡ ಕೋಣೆಯನ್ನು ಹಗಲು ಒಂದು ಬಗೆ, ರಾತ್ರಿ ಇನ್ನೊಂದು ಬಗೆ ಬಳಸಲು ಗಾಲಿಯ ಮೇಲೆ ಸರಿಯುವ ಬೀರುವಿನಂಥ ಅಡ್ಡಗೋಡೆಯನ್ನೂ ಅವರು ಸೂಚಿಸಿದ್ದರು. 1912ರ ಹೊತ್ತಿಗೆ ಕ್ರಿಸ್ಟೀನ್ ಫ್ರೆಡರಿಕ್ ಎಂಬಾಕೆ, ಕಾರ್ಖಾನೆಗಳಲ್ಲಿ ಕೆಲಸಗಾರರ ಚಲನೆಯನ್ನು ಗಡಿಯಾರ ಹಿಡಿದು ಅಳೆಯುವ ಟೇಲರ್ ಪದ್ಧತಿಯನ್ನು ಪಾತ್ರೆ ತೊಳೆಯುವ ಕೆಲಸಕ್ಕೂ ಅನ್ವಯಿಸಿ ಲೇಖನಮಾಲೆ ಬರೆದರು. ಅವರ ಪುಸ್ತಕ 1922ರಲ್ಲಿ ಜರ್ಮನ್ ಭಾಷೆಗೆ ಬಂದಿತ್ತು. ಲಿಹೋಟ್ಸ್ಕಿ ಅದನ್ನು ಓದಿದರು. ರೈಲಿನ ಊಟದ ಬೋಗಿಯ ಪುಟ್ಟ ಅಡುಗೆಕೋಣೆಯನ್ನೂ ಗಮನಿಸಿದರು. ವಿಚಿತ್ರವೆಂದರೆ ಅಡುಗೆಮನೆಯನ್ನು ರೂಪಿಸುವ ಮುಂಚೆ ತಾನು ಎಂದೂ ಅಡುಗೆ ಮಾಡಿರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡರು. ಬೀಚರ್ ಮದುವೆಯಾಗಲೇ ಇಲ್ಲ. ಲಿಹೋಟ್ಸ್ಕಿ ಅವರಿಗೆ ಮಕ್ಕಳಿರಲಿಲ್ಲ. ನಾಲ್ಕು ಮಕ್ಕಳ ತಾಯಿಯಾಗಿದ್ದ ಫ್ರೆಡರಿಕ್ ಈ ಮೂವರಲ್ಲಿ ಅಪವಾದ.

ಫ್ರಾಂಕ್‌ಫರ್ಟ್ ಅಡುಗೆಮನೆಯ ಅಗಲ 1.9 ಮೀಟರ್, ಉದ್ದ 3.4 ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು ಆರಡಿ, ಹನ್ನೊಂದಡಿಯ ಓಣಿ. ಆ ಓಣಿಯಲ್ಲಿ ತುಂಬಿದ್ದ ಜಾಣ್ಮೆ ಅಷ್ಟಿಷ್ಟಲ್ಲ. ಕಿಟಕಿಯ ಕೆಳಗೆ ಹೆಚ್ಚುವ, ಹದಮಾಡುವ ಮೇಜು. ಅದರ ಮುಂದೆ ತಿರುಗುವ ಸ್ಟೂಲು. ಸಿಪ್ಪೆ ಕಸವನ್ನು ಅಲ್ಲೇ ತಳ್ಳಲು ಒಂದು ಡ್ರಾಯರ್. ಇಸ್ತ್ರಿ ಹಲಗೆ ಗೋಡೆಗೆ ಮಡಚಿಕೊಳ್ಳುತ್ತಿತ್ತು. ಚಾವಣಿಯ ದೀಪವನ್ನು ಕಂಬಿಯ ಮೇಲೆ ಬೇಕಾದ ಕಡೆಗೆ ಎಳೆದುಕೊಳ್ಳಬಹುದಿತ್ತು. ಅರೆಬೆಂದ ಅಡುಗೆಯನ್ನು ಇಟ್ಟರೆ ತನ್ನ ಕಾವಿನಲ್ಲೇ ಬೇಯುವಂತೆ, ಶಾಖ ಹೊರಹೋಗದ ಒಂದು ಪೆಟ್ಟಿಗೆಯೂ ಇತ್ತು. ಹೊರಗೆ ದುಡಿಯಲು ಹೋಗುವ ಹೆಂಗಸರಿಗೆ ಇದು ದೊಡ್ಡ ಅನುಕೂಲ. ಸಕ್ಕರೆ, ಅಕ್ಕಿ, ಬೇಳೆಗಳಿಗೆ ಹಿಡಿಕೆಯುಳ್ಳ, ಹೆಸರು ಕೊರೆದ ಅಲ್ಯೂಮಿನಿಯಂ ಡಬ್ಬಿಗಳು ಸಾಲಾಗಿ ಕೂತಿದ್ದವು. ಹಿಟ್ಟಿನ ಖಾನೆ ಮಾತ್ರ ಓಕ್ ಮರದ್ದು, ಏಕೆಂದರೆ ಆ ಮರದ ಟ್ಯಾನಿನ್ ಅಂಶಕ್ಕೆ ಹುಳು ಹತ್ತಿರ ಸುಳಿಯುವುದಿಲ್ಲ. ನೊಣಗಳಿಗೆ ನೀಲಿ ಬಣ್ಣ ಆಗದು ಎಂಬ ಅಂದಿನ ನಂಬಿಕೆಯಿಂದ ಎಷ್ಟೋ ಅಡುಗೆಮನೆಗಳಿಗೆ ನೀಲಿ ಬಳಿದರು. 1930ರ ಹೊತ್ತಿಗೆ ಇಂಥ ಸುಮಾರು 10,000 ಅಡುಗೆಮನೆಗಳು ಫ್ರಾಂಕ್‌ಫರ್ಟಿನಲ್ಲಿ ತಯಾರಾಗಿದ್ದವು.

ಆದರೆ ಈ ಯೋಜನೆಯ ಜೀವಾಳ ಡಬ್ಬಿಯಲ್ಲಾಗಲಿ ದೀಪದಲ್ಲಾಗಲಿ ಇರಲಿಲ್ಲ. ಇದ್ದದ್ದು ಒಂದು ಬಾಗಿಲಿನಲ್ಲಿ. ಒಲೆಯನ್ನು ವಾಸದ ಕೋಣೆಯಿಂದ ಬೇರೆ ಮಾಡಿದ ಮೇಲೆ ಮಕ್ಕಳ ಗತಿಯೇನು? ಹಳೆಯ ಅಡುಗೆಮನೆ ಎಷ್ಟೇ ಕೊಳಕಾಗಿದ್ದರೂ ಮಗು ತಾಯಿಯ ಕಾಲ ಬಳಿಯೇ ಇರುತ್ತಿತ್ತು. ಲಿಹೋಟ್ಸ್ಕಿ ಎರಡು ಕೋಣೆಗಳ ನಡುವೆ ಅಗಲವಾದ ಸರಿಸುವ ಬಾಗಿಲನ್ನಿಟ್ಟರು. ಹೊಗೆ, ವಾಸನೆ ಹೆಚ್ಚಾದರೆ ಮುಚ್ಚಬಹುದು. ತೆರೆದಿಟ್ಟರೆ ಕೆಲಸ ಮಾಡುತ್ತಲೇ ಆಚೆ ಆಡುವ ಮಕ್ಕಳ ಮೇಲೆ ಕಣ್ಣಿಡಬಹುದು. ಒಲೆಯಿಂದ ಊಟದ ಮೇಜಿಗೆ ಕೆಲವೇ ಹೆಜ್ಜೆಗಳ ದೂರ.

ಬಳಕೆಗೆ ಬಂದ ಮೇಲೆ ತೊಡಕುಗಳು ಒಂದೊಂದಾಗಿ ಕಾಣಿಸಿಕೊಂಡವು. ಆ ಓಣಿಯಲ್ಲಿ ಇಬ್ಬರು ನಿಂತು ಕೆಲಸ ಮಾಡುವಂತಿರಲಿಲ್ಲ. ಸಹಾಯಕ್ಕೆ ಬಂದ ದೊಡ್ಡ ಮಗಳಿಗೂ ಅಲ್ಲಿ ಜಾಗವಿಲ್ಲ, ಗಂಡನ ಮಾತು ಬಿಡಿ. ತಾಯಿಯ ಕೈಗೆ ಸುಲಭವಾಗಿ ಸಿಗಲೆಂದು ತಗ್ಗಿನಲ್ಲಿಟ್ಟ ಅಲ್ಯೂಮಿನಿಯಂ ಡಬ್ಬಿಗಳು ಮಕ್ಕಳ ಕೈಗೂ ಅಷ್ಟೇ ಸುಲಭವಾಗಿ ಸಿಕ್ಕವು. ಮಗುವಿನ ಮೇಲೆ ಕಣ್ಣಿಡುವ ಬಗೆಯನ್ನು ಯೋಚಿಸಿದ್ದವರು ಮಗುವಿನ ಕೈ ಎಲ್ಲಿಯವರೆಗೆ ಚಾಚುತ್ತದೆಂಬುದನ್ನು ಯೋಚಿಸಿರಲಿಲ್ಲ! ಡಬ್ಬಿಯ ಮೇಲೆ ಕೊರೆದ ಹೆಸರಿಗೂ ಮನೆಯವರು ಒಳಗೆ ಹಾಕಿಟ್ಟ ಸಾಮಾನಿಗೂ ಎಷ್ಟೋ ಮನೆಗಳಲ್ಲಿ ಸಂಬಂಧವಿರಲಿಲ್ಲ. ಇದಕ್ಕಿಂತ ಕಹಿಯಾದ ಮಾತೆಂದರೆ ಬಾಡಿಗೆಯದು. ಯಾರಿಗಾಗಿ ಈ ಬಡಾವಣೆಗಳೆಂದು ಹೇಳಲಾಗಿತ್ತೋ ಆ ಬಡ ಕಾರ್ಮಿಕರಲ್ಲಿ ಬಹುಮಂದಿಗೆ ಅದು ಎಟುಕಲಿಲ್ಲ. ಮುಂದೆ ಮಹಿಳಾವಾದಿಗಳು ಈ ಅಡುಗೆಮನೆ ಹೆಣ್ಣನ್ನು ಒಂಟಿಯಾಗಿ ಒಂದು ಗೂಡಿನಲ್ಲಿ ಕೂಡಿತೆಂದು ದೂರಿದರು. ದೂರು ಪೂರ್ತಿ ನ್ಯಾಯವಲ್ಲ. ಅವಳ ದುಡಿಮೆಯ ಹೊತ್ತನ್ನು ಉಳಿಸುವುದೇ ಲಿಹೋಟ್ಸ್ಕಿ ಅವರ ಉದ್ದೇಶವಾಗಿತ್ತು. ಆದರೂ ಒಲೆ ಮತ್ತು ಮಗು ಎರಡನ್ನೂ ಒಬ್ಬಳೇ ನೋಡಿಕೊಳ್ಳಬೇಕೆಂಬ ಏರ್ಪಾಟನ್ನು ಆ ಬಾಗಿಲು ಬದಲಿಸಲಿಲ್ಲವೆಂಬುದು ನಿಜ.

ಅದೇ ಪ್ರಶ್ನೆಗೆ ರೋಮಿನಲ್ಲಿ ಬೇರೆಯೇ ಉತ್ತರ ದೊರಕಿತ್ತು. ಅಲ್ಲಿನ ಸಾನ್ ಲೊರೆಂಜೊ ಕೇರಿಯ ಹಾಳುಬಿದ್ದ ವಠಾರಗಳನ್ನು ಒಂದು ಸಂಸ್ಥೆ ದುರಸ್ತಿ ಮಾಡಿಸಿ ಬಡವರಿಗೆ ಬಾಡಿಗೆಗೆ ಕೊಟ್ಟಿತು. ತಂದೆತಾಯಿ ಕೆಲಸಕ್ಕೆ ಹೋದಾಗ ಮನೆಯಲ್ಲುಳಿದ ಚಿಕ್ಕ ಮಕ್ಕಳು ಹೊಸ ಗೋಡೆಗಳನ್ನೂ ಮೆಟ್ಟಿಲುಗಳನ್ನೂ ಹಾಳುಮಾಡತೊಡಗಿದರು. ಮಕ್ಕಳ ಹಿತಕ್ಕಿಂತ ಮೊದಲು ಕಟ್ಟಡದ ಹಿತ! ಅಂತೂ ವಠಾರದ ಒಂದು ಕೋಣೆಯನ್ನು ಮೂರರಿಂದ ಏಳು ವರ್ಷದ ಮಕ್ಕಳಿಗೆ ಬಿಟ್ಟುಕೊಟ್ಟು, ಅದರ ಹೊಣೆಯನ್ನು ವೈದ್ಯೆ ಮರಿಯಾ ಮಾಂಟೆಸ್ಸೊರಿ ಅವರಿಗೆ ವಹಿಸಿದರು. 1907ರ ಜನವರಿ 6ರಂದು ತೆರೆದ ಆ ಕೋಣೆಗೆ ‘ಮಕ್ಕಳ ಮನೆ’ ಎಂದು ಹೆಸರಾಯಿತು. ಮಗು ತಾನೇ ಎತ್ತಿ ಸರಿಸಬಹುದಾದ ಹಗುರ ಕುರ್ಚಿ, ಅದರ ಎತ್ತರಕ್ಕೆ ತಕ್ಕ ಮೇಜು ಮತ್ತು ಬೀರು, ಮುಖ ತೊಳೆಯಲು ತಗ್ಗಿನ ಬೋಗುಣಿ, ಇವೆಲ್ಲ ಕ್ರಮೇಣ ಅಲ್ಲಿಂದ ಲೋಕಕ್ಕೆ ಹಬ್ಬಿದವು. ನೋಡಿಕೊಳ್ಳುವ ಕೆಲಸ ತಾಯಿಯೊಬ್ಬಳದೇ ಆಗಿ ಉಳಿಯದೆ ಇಡೀ ವಠಾರದ್ದಾಯಿತು ಎಂಬುದು ಈ ಏರ್ಪಾಟಿನ ಹೆಚ್ಚಳ. ಮಾಂಟೆಸ್ಸೊರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧ ಸಿಡಿದದ್ದರಿಂದ 1946ರವರೆಗೆ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಇಂದು ಬೆಂಗಳೂರು, ಮೈಸೂರುಗಳ ಬೀದಿಬೀದಿಯ ಫಲಕಗಳಲ್ಲಿ ಕಾಣುವ ‘ಮಾಂಟೆಸ್ಸರಿ’ ಎಂಬ ಮಾತಿನ ಬೇರು ರೋಮಿನ ಆ ವಠಾರದಲ್ಲಿದೆ.

ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಮಕ್ಕಳ ಕೋಣೆ ಎಂಬುದೇ ಇರಲಿಲ್ಲ. ಅಡುಗೆಮನೆ ಒಳಗಡೆ, ಕತ್ತಲಲ್ಲಿ. ನೆಲದ ಮೇಲಿನ ಒಲೆ ತೆವಳುವ ಕೂಸಿಗೆ ಅಪಾಯ. ಆದರೆ ನಡುಮನೆಯ ತೊಲೆಗೆ ತೊಟ್ಟಿಲು, ಜಗಲಿಯಲ್ಲಿ ಅಜ್ಜ, ತೊಟ್ಟಿಯ ಅಂಚಿನಲ್ಲಿ ಅಕ್ಕಿ ಆರಿಸುತ್ತ ಕೂತ ಅಜ್ಜಿ ಅಥವಾ ದೊಡ್ಡಮ್ಮ. ಯಾರೂ ಇಲ್ಲದಾಗ ತೊಟ್ಟಿಲಿಗೆ ಕಟ್ಟಿದ ಹಗ್ಗದ ತುದಿಯನ್ನು ಹಿಡಿದು ತಾಯಿ ಕೂತಲ್ಲಿಂದಲೇ ಎಳೆಯುವುದೂ ಇತ್ತು. ನಗರದ ಮೂವತ್ತು–ನಲವತ್ತರ ನಿವೇಶನದಲ್ಲಿ ಚಿಕ್ಕ ಸಂಸಾರ ಬಂದು ನೆಲೆಸಿದಾಗ ಒಲೆ ಕಟ್ಟೆಯ ಮೇಲೆ ಏರಿ ಮಗುವಿನ ಕೈಗೆ ಸಿಗದಂತಾಯಿತು. ಜಗಲಿಯ ಅಜ್ಜ ಮಾತ್ರ ಊರಲ್ಲೇ ಉಳಿದ. ಫ್ರಾಂಕ್‌ಫರ್ಟಿನ ಗೃಹಿಣಿಯ ಪೇಚು ಇಲ್ಲಿಯ ಗೃಹಿಣಿಗೂ ಬಂದದ್ದು ಆಗಲೇ. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ತೆಗೆಸುವ ಇಂದಿನ ‘ಓಪನ್ ಕಿಚನ್’, ಆ ಸರಿಸುವ ಬಾಗಿಲಿನ ಹತ್ತಿರದ ನೆಂಟ.

ಲಿಹೋಟ್ಸ್ಕಿ 1930ರಲ್ಲಿ ಮೈ ಅವರ ತಂಡದೊಂದಿಗೆ ಸೋವಿಯತ್ ಒಕ್ಕೂಟಕ್ಕೆ ಹೋಗಿ ಶಿಶುವಿಹಾರಗಳನ್ನೂ ಮಕ್ಕಳ ಪೀಠೋಪಕರಣಗಳನ್ನೂ ರೂಪಿಸಿದರು. ನಾತ್ಸಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡಲು ವಿಯೆನ್ನಾಕ್ಕೆ ಮರಳಿ 1941ರಲ್ಲಿ ಸೆರೆಸಿಕ್ಕು, ಯುದ್ಧ ಮುಗಿಯುವವರೆಗೆ ಜೈಲಿನಲ್ಲಿದ್ದರು. ಆಮೇಲೆ ಕಮ್ಯುನಿಸ್ಟಳೆಂಬ ಕಾರಣಕ್ಕೆ ತಾಯ್ನಾಡಿನಲ್ಲೇ ಅವರಿಗೆ ಕೆಲಸ ಸಿಕ್ಕಿದ್ದು ಅಪರೂಪ; ಸಿಕ್ಕವುಗಳಲ್ಲಿ ವಿಯೆನ್ನಾದ ಎರಡು ಶಿಶುವಿಹಾರಗಳಿವೆ. ನೂರು ತುಂಬಿದಾಗ, 1997ರಲ್ಲಿ, ವಿಯೆನ್ನಾದ ಮೇಯರ್ ಜೊತೆ ಒಂದು ಸುತ್ತು ವಾಲ್ಟ್ಸ್ ಕುಣಿದ ಆಕೆ 2000ದ ಜನವರಿ 18ರಂದು, 103 ತುಂಬಲು ಐದು ದಿನವಿರುವಾಗ, ತೀರಿಕೊಂಡರು. ಎಲ್ಲರೂ ತಮ್ಮನ್ನು ಆ ಅಡುಗೆಮನೆಯ ವಿಷಯವೊಂದನ್ನೇ ಕೇಳುತ್ತಾರೆಂಬ ಬೇಸರ ಅವರಿಗೆ ಕೊನೆಯವರೆಗೂ ಇತ್ತು.