ನಾರ್ವೆ ದೇಶದ ಪ್ರಾಚೀನ ಸ್ತ್ರೀನಾಮಗಳು

ನಾರ್ವೆ ದೇಶದಲ್ಲಿ ಹೆಣ್ಣುಶಿಶುವೊಂದು ಜನಿಸಿ, ಅದಕ್ಕೆ ಸಿಗ್ರಿಡ್ ಎಂದೋ ಗುನ್‌ಹಿಲ್ಡ್ ಎಂದೋ ಹೆಸರಿಡಬೇಕೆಂದು ತಾಯಿತಂದೆಗಳು ಯೋಚಿಸಿದರೆ, ಬಂಧುವರ್ಗದಲ್ಲಿ ಎರಡು ಪಕ್ಷಗಳು ಏಳುವುದುಂಟು. ಅದು ಮುತ್ತಜ್ಜಿಯ ಕಾಲದ ಹೆಸರು, ಉಚ್ಚಾರಕ್ಕೆ ಒರಟು, ಮಗುವು ಶಾಲೆಗೆ ಹೋದಾಗ ಓರಗೆಯವರು ನಗುವರು ಎಂಬುದು ಒಂದು ಪಕ್ಷ. ಸಾವಿರ ವರ್ಷಗಳಿಂದ ನಡೆದುಬಂದ ಹೆಸರನ್ನು ಬಿಟ್ಟು ಎಲ್ಲಿಯದೋ ಒಂದನ್ನು ತರುವುದೇಕೆ ಎಂಬುದು ಇನ್ನೊಂದು ಪಕ್ಷ. ಈ ವಾದವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಇವೇ ಹೆಸರುಗಳು ಒಂದು ಕಾಲದಲ್ಲಿ ರಾಣಿಯರಿಗೆ ಭೂಷಣವಾಗಿದ್ದುವು. ಇನ್ನೊಂದು ಕಾಲದಲ್ಲಿ ಹಳ್ಳಿಗರ ಹೆಸರೆಂದು ತಿರಸ್ಕಾರಕ್ಕೆ ಗುರಿಯಾದುವು. ಮತ್ತೊಂದು ಕಾಲದಲ್ಲಿ ರಾಷ್ಟ್ರದ ಅಭಿಮಾನಚಿಹ್ನೆಗಳಾದುವು. ಹೆಸರಿನ ಧ್ವನಿಯಾಗಲಿ ಅರ್ಥವಾಗಲಿ ಈ ನಡುವೆ ಹೆಚ್ಚಾಗಿ ಬದಲಾಗಲಿಲ್ಲ. ಹೆಸರು ಯಾರ ಸೊತ್ತು ಎಂಬ ಪ್ರಶ್ನೆಗೆ ಆಯಾ ಕಾಲದ ಜನರು ಕೊಟ್ಟ ಉತ್ತರವು ಮಾತ್ರ ಬದಲಾಯಿತು.

ಪ್ರಾಚೀನ ನಾರ್ಸ್ ಭಾಷೆಯ ಹೆಸರುಗಳಲ್ಲಿ ಬಹುಪಾಲು ಎರಡು ಪದಗಳ ಸಮಾಸಗಳು. ಸಿಗ್ರಿಡ್ ಎಂಬುದರಲ್ಲಿ ಜಯವನ್ನೂ ಚೆಲುವನ್ನೂ ಸೂಚಿಸುವ ಪದಗಳಿವೆ. ಇಂಗ್ರಿಡ್ ಎಂಬುದರಲ್ಲಿ ಇಂಗ್ ಎಂಬ ದೇವತೆಯ ಹೆಸರೂ, ಆಸ್ಟ್ರಿಡ್ ಎಂಬುದರಲ್ಲಿ ದೇವವಾಚಕವಾದ ಪದವೂ ಅದೇ ಚೆಲುವಿನ ಪದದೊಡನೆ ಕೂಡಿವೆ. ಗುನ್‌ಹಿಲ್ಡ್ ಎಂಬಲ್ಲಿ ಪೂರ್ವಪದಕ್ಕೂ ಯುದ್ಧವೆಂದೇ ಅರ್ಥ, ಉತ್ತರಪದಕ್ಕೂ ಯುದ್ಧವೆಂದೇ ಅರ್ಥ. ಎಳೆಯ ಹೆಣ್ಣುಮಗುವನ್ನು ‘ಯುದ್ಧಯುದ್ಧ’ ಎಂದು ಕರೆಯುವುದು ಅರ್ಥದೃಷ್ಟಿಯಿಂದ ವಿಚಿತ್ರವೇ ಸರಿ. ಆದರೆ ಆ ಜನರು ಅರ್ಥವನ್ನು ನೋಡಿ ಹೆಸರಿಡುತ್ತಿದ್ದುದು ಕಡಮೆ. ತಂದೆಯ ಕುಲದಿಂದ ಒಂದು ಪದವನ್ನೂ ತಾಯಿಯ ಕುಲದಿಂದ ಒಂದು ಪದವನ್ನೂ ತೆಗೆದು ಜೋಡಿಸುವುದು, ಇಲ್ಲವೆ ಗತಿಸಿದ ಹಿರಿಯರ ಹೆಸರನ್ನು ಇಡಿಯಾಗಿ ಹೊಸ ಶಿಶುವಿಗೆ ಕೊಡುವುದು ಅವರ ವಾಡಿಕೆಯಾಗಿತ್ತು. ಹೆಸರಿನೊಡನೆ ಮೃತರ ಭಾಗ್ಯವೂ ಮಗುವಿಗೆ ಬರುವುದೆಂಬ ನಂಬಿಕೆಯು ಪ್ರಾಚೀನ ಸಾಗಾ ಕಥನಗಳಲ್ಲಿ ಕಾಣಬರುತ್ತದೆ. ಹೀಗೆ ಮೊದಲ ಕಾಲದಲ್ಲಿ ಹೆಸರು ಕುಲದ ಸೊತ್ತು. ಮಗುವು ಅದನ್ನು ಹೊತ್ತು ಮುಂದಕ್ಕೆ ಸಾಗಿಸುವ ವಾಹಕ.

ಆದರೂ ಆ ಕಾಲದ ನಾರ್ವೆಯವರು ಹೊರಗಿನ ಹೆಸರುಗಳಿಗೆ ಬಾಗಿಲನ್ನು ಮುಚ್ಚಿದವರಲ್ಲ. ಹದಿಮೂರನೆಯ ಶತಮಾನದಲ್ಲಿ ಐಸ್‌ಲೆಂಡಿನ ಸ್ನೋರಿ ಸ್ಟುರ್ಲುಸನ್ ಎಂಬ ಪಂಡಿತನು ರಚಿಸಿದ ರಾಜಚರಿತ್ರೆಯಲ್ಲಿ ಇದಕ್ಕೆ ಒಂದು ನಿದರ್ಶನವಿದೆ. ಕ್ರಿ. ಶ. 1024ರ ಸುಮಾರಿನಲ್ಲಿ ಓಲಾವ್ ಹರಾಲ್ಡ್‌ಸನ್ ಎಂಬ ಅರಸನಿಗೆ ರಾತ್ರಿವೇಳೆಯಲ್ಲಿ ಒಬ್ಬ ಮಗನು ಹುಟ್ಟಿದನು. ಶಿಶುವು ಅತಿ ದುರ್ಬಲವಾಗಿದ್ದುದರಿಂದ ಕೂಡಲೇ ದೀಕ್ಷಾಸ್ನಾನವನ್ನು ಮಾಡಿಸಬೇಕಾಯಿತು. ಮಲಗಿದ್ದ ಅರಸನನ್ನು ಎಬ್ಬಿಸಲು ಯಾರಿಗೂ ಧೈರ್ಯವಾಗಲಿಲ್ಲ. ಆಸ್ಥಾನಕವಿಯಾದ ಸಿಗ್ವಾಟನು ತಾನೇ ಮುಂದಾಗಿ ಮಗುವಿಗೆ ಮ್ಯಾಗ್ನಸ್ ಎಂದು ಹೆಸರಿಟ್ಟನು. ಬೆಳಗಾದ ಮೇಲೆ ಅರಸನು ಕುಪಿತನಾಗಿ, ತಮ್ಮ ಕುಲದಲ್ಲಿಲ್ಲದ ಹೆಸರನ್ನು ಇಟ್ಟುದೇಕೆಂದು ಕೇಳಲು, ಲೋಕದಲ್ಲಿ ಶ್ರೇಷ್ಠನೆನಿಸಿದ ಕಾರ್ಲಮ್ಯಾಗ್ನಸ್ ಚಕ್ರವರ್ತಿಯ ಹೆಸರನ್ನು ಇಟ್ಟೆನೆಂದು ಕವಿಯು ಉತ್ತರಕೊಟ್ಟನಂತೆ. ಅರಸನ ಕೋಪವು ಇಳಿಯಿತಂತೆ. ಲ್ಯಾಟಿನ್ ಭಾಷೆಯ ಆ ವಿಶೇಷಣವು ಮುಂದೆ ನಾರ್ವೆಯ ಹಲವರು ಅರಸರ ಹೆಸರಾಗಿ, ಇಂದು ಅಪ್ಪಟ ಉತ್ತರದೇಶದ ಹೆಸರೆಂದೇ ಪರಿಗಣಿತವಾಗಿದೆ. ಕ್ರೈಸ್ತಮತದೊಡನೆ ಬಂದ ಕ್ರಿಸ್ಟಿನ್, ಮಾರ್ಗರೇತ, ಆನ್ನ ಎಂಬ ಸ್ತ್ರೀನಾಮಗಳೂ ಕಾಲಕ್ರಮದಲ್ಲಿ ಹೀಗೆಯೇ ಮನೆಯವಾದುವು.

ಹಳೆಯ ಹೆಸರುಗಳಿಗೆ ನಿಜವಾದ ಹಿನ್ನಡೆಯು ಮತದಿಂದ ಬಂದುದಕ್ಕಿಂತ ಆಳ್ವಿಕೆಯಿಂದ ಬಂದುದೆನ್ನಬೇಕು. 1380ನೆಯ ಇಸವಿಯಲ್ಲಿ ನಾರ್ವೆಯು ಡೆನ್ಮಾರ್ಕಿನೊಡನೆ ಒಬ್ಬನೇ ಅರಸನ ಕೆಳಗೆ ಸೇರಿತು. ಆ ಸಂಬಂಧವು 1814ರವರೆಗೆ ನಡೆಯಿತು. ಅಧಿಕಾರಿಗಳ ಭಾಷೆ, ಪಾದ್ರಿಗಳ ಭಾಷೆ, ಗ್ರಂಥಭಾಷೆ ಎಲ್ಲವೂ ಡೇನಿಷ್ ಆಯಿತು. ಪಟ್ಟಣದ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಯೂರೋಪಿನ ನಾಗರಿಕ ಸಮಾಜಕ್ಕೆ ಒಪ್ಪುವ ಹೆಸರುಗಳು ಬಂದುವು. ಟೆಲೆಮಾರ್ಕ್, ಸೆಟೆಸ್ಡಾಲ್ ಮೊದಲಾದ ಕಣಿವೆಗಳ ಬೇಸಾಯಗಾರರಾದರೋ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಕಟ್ಟಳೆಯನ್ನು ಬಿಡದಿದ್ದುದರಿಂದ, ಗುನ್‌ಹಿಲ್ಡ್ ಆಸ್ಲೌಗ್ ಮೊದಲಾದ ಹೆಸರುಗಳು ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದುಕೊಂಡುವು. ರಾಣಿಯರು ಧರಿಸಿದ್ದ ಹೆಸರು ಈಗ ದನ ಕಾಯುವ ಹುಡುಗಿಯ ಹೆಸರಾಯಿತು. ಹಳೆಯ ಹೆಸರು ಒರಟೆಂಬ ಅಭಿಪ್ರಾಯಕ್ಕೆ ಮೂಲವು ಇಲ್ಲಿದೆ: ಕಿವಿಯು ಕೊಟ್ಟಂತೆ ಕಾಣುವ ಆ ತೀರ್ಪನ್ನು ವಾಸ್ತವವಾಗಿ ಅಂತಸ್ತು ಕೊಟ್ಟಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳಿಯು ತಿರುಗಿತು. ನೆರೆಯ ಸ್ವೀಡನ್ನಿನಲ್ಲಿ 1811ರಲ್ಲಿ ಗಾಥಿಕ ಸಂಘವೆಂಬ ಸಾಹಿತ್ಯಸಂಘವು ಸ್ಥಾಪಿತವಾಗಿ, ಅದರ ಸದಸ್ಯರು ತಮಗೆ ತಾವೇ ಪ್ರಾಚೀನ ನಾಮಗಳನ್ನು ಇಟ್ಟುಕೊಂಡರು. ನಾರ್ವೆಯಲ್ಲಿ ಈ ಕಾರ್ಯವನ್ನು ಮುಖ್ಯವಾಗಿ ಕವಿಗಳು ಮಾಡಿದರು. ಬ್ಯೋರ್ನ್‌ಸನ್ ಕವಿಯು 1857ರಲ್ಲಿ ಸಿನ್ನೋವೆ ಎಂಬ ಹಳ್ಳಿಯ ಹುಡುಗಿಯನ್ನು ತನ್ನ ಕಥೆಗೆ ನಾಯಿಕೆಯನ್ನಾಗಿ ಮಾಡಿದನು. ಅದೇ ಕಾಲದಲ್ಲಿ ಇಬ್ಸನ್ ಕವಿಯು ಸಾಗಾ ಕಥನಗಳಿಂದ ಹ್ಯೋರ್ಡಿಸ್, ಡಾಗ್ನಿ ಎಂಬ ಹೆಸರುಗಳನ್ನು ರಂಗಭೂಮಿಗೆ ತಂದನು; 1867ರಲ್ಲಿ ಪ್ರಕಟವಾದ ಪೇರ್ ಗಿಂಟ್ ನಾಟಕದಲ್ಲಿ ಸೋಲ್ವೈ ಎಂಬ ಪಾತ್ರವನ್ನು ಸೃಷ್ಟಿಸಿದನು. ಇವರು ಉಪದೇಶಿಸಿ ಸುಮ್ಮನಾದವರಲ್ಲ. 1859ರಲ್ಲಿ ಹುಟ್ಟಿದ ತನ್ನ ಮಗನಿಗೆ ಇಬ್ಸನ್ನನು ಸಿಗುರ್ಡ್ ಎಂದು ಹೆಸರಿಟ್ಟನು. ಬ್ಯೋರ್ನ್‌ಸನ್ನನು ತನ್ನ ಹೆಣ್ಣುಮಕ್ಕಳಿಗೆ ಬರ್ಗ್‌ಲ್ಯೋಟ್, ಡಾಗ್ನಿ ಎಂಬ ಹೆಸರುಗಳನ್ನು ಕೊಟ್ಟನು. ಆ ಸಿಗುರ್ಡನೂ ಬರ್ಗ್‌ಲ್ಯೋಟಳೂ 1892ರಲ್ಲಿ ವಿವಾಹವಾದುದರಿಂದ, ಎರಡು ಪುನರುಜ್ಜೀವಿತ ಹೆಸರುಗಳು ಒಂದೇ ಮನೆಯಲ್ಲಿ ನೆಲಸಿದುವು. ಕಣಿವೆಗಳು ಕಾಪಾಡಿಕೊಂಡು ಬಂದ ಹೆಸರು ಈಗ ಪಟ್ಟಣಕ್ಕೆ ಗೌರವದಿಂದ ಬಂದಿತು. ಆದರೆ ಅದು ಅಜ್ಜಿಯ ನೆನಪಾಗಿ ಬರಲಿಲ್ಲ; ಹೆಸರು ಈಗ ರಾಷ್ಟ್ರದ ಸೊತ್ತಾಗಿತ್ತು.

ಈ ಭಾವವು 1905ರಲ್ಲಿ ಸಿಂಹಾಸನವನ್ನೇ ಏರಿತು. ಸ್ವೀಡನ್ನಿನಿಂದ ಬೇರ್ಪಟ್ಟ ನಾರ್ವೆಯು ಡೆನ್ಮಾರ್ಕಿನ ರಾಜಕುಮಾರ ಕಾರ್ಲನನ್ನು ಅರಸನನ್ನಾಗಿ ಆರಿಸಿಕೊಂಡಾಗ, ಅವನು ಏಳನೆಯ ಹಾಕನ್ ಎಂಬ ಹೆಸರನ್ನು ಧರಿಸಿದನು. ಆರನೆಯ ಹಾಕನ್ ತೀರಿಕೊಂಡು ಆಗ್ಗೆ 525 ವರ್ಷಗಳಾಗಿದ್ದುವು. ಎರಡು ವರ್ಷದ ಮಗನು ಅಲೆಕ್ಸಾಂಡರನಾಗಿದ್ದವನು ಓಲಾವನಾದನು. ಆ ಓಲಾವನು ತನ್ನ ಹೆಣ್ಣುಮಕ್ಕಳಿಗೆ 1930ರಲ್ಲಿ ರಾಗ್ನ್‌ಹಿಲ್ಡ್ ಎಂದೂ 1932ರಲ್ಲಿ ಆಸ್ಟ್ರಿಡ್ ಎಂದೂ ಹೆಸರಿಟ್ಟನು.

ರಾಷ್ಟ್ರದ ಸೊತ್ತಾದುದನ್ನು ರಾಷ್ಟ್ರದ ಹೆಸರಿನಲ್ಲಿ ಅನ್ಯಾಯಮಾಡುವವರೂ ಅಪಹರಿಸಬಲ್ಲರು ಎಂಬುದು ಅನಂತರ ತಿಳಿದುಬಂದಿತು. ಜರ್ಮನಿಯ ನಾಜಿ ನಾಯಕರು ಉತ್ತರದೇಶದ ಪುರಾಣವನ್ನು ತಮ್ಮ ಕುಲಮದಕ್ಕೆ ಅಲಂಕಾರವನ್ನಾಗಿ ಮಾಡಿಕೊಂಡರು. ಹಿಮ್ಲರನ ಮಗಳು ಗುದ್ರುನ್, ಗೋರಿಂಗನ ಮಗಳು ಎಡ್ಡ. ಶತ್ರುವಿನೊಡನೆ ಸೇರಿದ ಕ್ವಿಸ್ಲಿಂಗನು ನಾರ್ವೆಯಲ್ಲಿ ತನ್ನ ಪಕ್ಷದ ದಂಡಿಗೆ ಪ್ರಾಚೀನ ಅರಸರ ಪರಿವಾರದ ಹೆಸರಾದ ಹಿರ್ಡ್ ಎಂಬುದನ್ನು ಇಟ್ಟನು. ಆದರೆ 1940ರಿಂದ 1945ರವರೆಗಿನ ಆ ದಾಸ್ಯಕಾಲದಲ್ಲಿಯೇ ದೇಶಭಕ್ತರು ಹಾಕನ್ ಅರಸನ ಹೆಸರಿನ ಮೊದಲಕ್ಷರವನ್ನೂ ಏಳೆಂಬ ಅಂಕೆಯನ್ನೂ ಕೂಡಿಸಿ ಗೋಡೆಗಳ ಮೇಲೆ ಬರೆದು ಪ್ರತಿಭಟಿಸಿದರು. ಪ್ರಾಚೀನತೆಯು ಎರಡು ಕಡೆಯೂ ಇತ್ತು; ನ್ಯಾಯವು ಒಂದೇ ಕಡೆ ಇತ್ತು. ಹಳೆಯ ಹೆಸರು ಹಳೆಯದೆಂಬ ಮಾತ್ರಕ್ಕೆ ಪವಿತ್ರವೂ ಅಲ್ಲ, ದೂಷಿತವೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಯುದ್ಧದ ತರುವಾಯ ಹುಟ್ಟಿದ ಪೀಳಿಗೆಗೆ ಈ ಹೆಸರುಗಳು ಅಜ್ಜಿಯರ ಹೆಸರುಗಳಾಗಿ ಕಂಡುವು. ಹೆಸರೊಂದು ಹಳತಾಗಿ ಮತ್ತೆ ಹೊಸತಾಗಲು ಸುಮಾರು ನೂರು ವರ್ಷಗಳು ಬೇಕೆಂಬ ಮಾತು ಆ ದೇಶಗಳಲ್ಲಿ ರೂಢಿಯಲ್ಲಿದೆ. ತಾಯಿಯ ಹೆಸರು ತೀರ ಪರಿಚಿತ, ಅಜ್ಜಿಯ ಹೆಸರು ಮುದುಕಿಯ ಹೆಸರು. ಮುತ್ತಜ್ಜಿಯನ್ನು ಕಣ್ಣಾರೆ ಕಂಡವರು ವಿರಳವಾದುದರಿಂದ ಆಕೆಯ ಹೆಸರು ಪುನಃ ಎಳೆಯದಾಗಿ ತೋರುತ್ತದೆ. ಆಸ್ಟ್ರಿಡ್ ಎಂಬ ಹೆಸರು 2010ರ ದಶಕದಲ್ಲಿ ತೊಟ್ಟಿಲುಗಳಿಗೆ ಹಿಂದಿರುಗಿದುದು ಹೀಗೆ. ಗುನ್‌ಹಿಲ್ಡ್, ಬೋರ್ಗ್‌ಹಿಲ್ಡ್ ಮೊದಲಾದುವುಗಳಿಗೆ ಆ ಭಾಗ್ಯವು ಅಷ್ಟಾಗಿ ಒದಗಿಲ್ಲ. ಮತ್ತೊಂದು ಕಡೆ, ಇಬ್ಸನ್ನನು 1879ರ ನಾಟಕದಲ್ಲಿ ಪ್ರಸಿದ್ಧಗೊಳಿಸಿದ ನೋರಾ ಎಂಬ ಹೆಸರು ಇದೇ ದಶಕದಲ್ಲಿ ಒಂದಕ್ಕಿಂತ ಹೆಚ್ಚು ವರ್ಷ ಆ ದೇಶದ ಹೆಣ್ಣುಹೆಸರುಗಳಲ್ಲಿ ಮೊದಲನೆಯದಾಗಿತ್ತು. ಅದಾದರೋ ಪ್ರಾಚೀನ ನಾರ್ಸ್ ಮೂಲದ್ದಲ್ಲ.

2003ರಲ್ಲಿ ಜಾರಿಗೆ ಬಂದ ನಾರ್ವೆಯ ಹೆಸರುಗಳ ಶಾಸನವು ಈ ದೀರ್ಘವಾದಕ್ಕೆ ಹೊಸದೊಂದು ನೆಲೆಯನ್ನು ಕೊಟ್ಟಿತು. ಹೆಸರನ್ನು ಧರಿಸಬೇಕಾದ ವ್ಯಕ್ತಿಗೆ ಗಣನೀಯವಾದ ತೊಡಕಾಗಬಹುದಾದ ಹೆಸರನ್ನು ಇಡಕೂಡದೆಂದು ಅದು ವಿಧಿಸುತ್ತದೆ. ಕುಲದ ಗೌರವವನ್ನಾಗಲಿ ರಾಷ್ಟ್ರದ ಅಭಿಮಾನವನ್ನಾಗಲಿ ಆ ವಿಧಿಯು ಎತ್ತಿಹಿಡಿಯುವುದಿಲ್ಲ. ಇನ್ನೂ ಮಾತು ಬಾರದ ಶಿಶುವಿನ ಪಕ್ಷವಾಗಿ ನಿಲ್ಲುತ್ತದೆ. ಮರುವರ್ಷ, 2004ರಲ್ಲಿ, ಯುವರಾಜನಿಗೆ ಹುಟ್ಟಿದ ಮಗಳಿಗೆ ಇಂಗ್ರಿಡ್ ಅಲೆಕ್ಸಾಂಡ್ರ ಎಂದು ಹೆಸರಿಟ್ಟರು. ನೂರು ವರ್ಷಗಳ ಹಿಂದೆ ಒಬ್ಬ ಅಲೆಕ್ಸಾಂಡರನು ಆ ಹೆಸರನ್ನು ಕಳಚಿಟ್ಟ ಮೇಲೆ ಅರಸುಮಗನಾಗಬೇಕಾಯಿತು. ಅವನ ಮರಿಮಗಳಿಗೆ ಹಳೆಯ ಇಂಗ್ರಿಡ್ ಎಂಬ ಹೆಸರೂ ಹೊರಗಿನ ಅಲೆಕ್ಸಾಂಡ್ರ ಎಂಬ ಹೆಸರೂ ಒಂದೇ ತೊಟ್ಟಿಲಲ್ಲಿ ದೊರೆತುವು.

ಹಿರಿಯರು ಹೆಸರಿನಲ್ಲಿ ತಮ್ಮ ಕುಲವನ್ನೂ ಕಾಲವನ್ನೂ ದೇಶವನ್ನೂ ಕಾಣುವುದು ಸಹಜವೇ. ಆದರೆ ಆ ಹೆಸರಿನಿಂದ ಕರೆದಾಗ ಓಗೊಡಬೇಕಾದವಳು ಮಗಳೊಬ್ಬಳೇ. ಮುತ್ತಜ್ಜಿಯ ಹೆಸರನ್ನು ಇಡುವವರು ಅದು ಅವಳಿಗೆ ಹೊರೆಯಾಗದಂತೆ, ಆಸ್ತಿಯಾಗುವಂತೆ, ಪ್ರೀತಿಯಿಂದ ಕರೆದು ಬೆಳೆಸಿದರೆ, ಸಿಗ್ರಿಡ್ ಎಂಬುದು ಮುದುಕಿಯ ಹೆಸರಾಗಿ ಬಹಳ ದಿನ ಉಳಿಯಲಾರದು.